ತೊಲೊಗೊನ್ ಅಗಾಯ್ ಎಳೆದ ಗೆರೆ

ಜಿಪಾರ್‌ಕುಲ್‌ಗೆ ಜೀವ ಬಾಯಿಗೆ ಬಂದಿತ್ತು. ಬಿಷ್ಕೆಕ್‌ನ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷ ತತ್ತ್ವಶಾಸ್ತ್ರ ಪಾಠ ಹೇಳಿದವಳು ಅವಳು. ಡಾಕ್ಟರೇಟ್ ಇಲ್ಲದವರಿಗೆ ಸೆಪ್ಟೆಂಬರಿನಿಂದ ತರಗತಿಯೇ ಇಲ್ಲವೆಂದು ಹೊಸ ನಿಯಮ ಬಂದುಬಿಟ್ಟಿತ್ತು. ಇವತ್ತು ಪ್ರಬಂಧ ಮಂಡಿಸಿದ್ದಾಯಿತು. ಇನ್ನು ಮಂಡಳಿಯ ಹನ್ನೊಂದು ಜನ ಗುಪ್ತವಾಗಿ ಮತ ಹಾಕಬೇಕು. ಎಂಟು ಬಿದ್ದರೆ ಪದವಿ, ಇಲ್ಲವೆಂದರೆ ಮನೆ.

ಅವಳಿಗಿದ್ದ ಭಯವೆಲ್ಲ ಆ ಹನ್ನೊಂದರಲ್ಲಿ ಒಬ್ಬರಾದ ತೊಲೊಗೊನ್ ಅಗಾಯ್ ಅವರದ್ದು. ಅಗಾಯ್ ಎಂದರೆ ಮೇಷ್ಟ್ರು. ಎಪ್ಪತ್ತಾರರ ಈ ಮೇಷ್ಟ್ರಿಗೆ ವಾದವಿಲ್ಲದಿದ್ದರೆ ಊಟ ಸೇರುವುದಿಲ್ಲ. ಯಾರೂ ಕೇಳಿಸಿಕೊಳ್ಳದಿದ್ದರೂ ಕೊಟ್ಟ ಮಾತು ಕೊಟ್ಟವನನ್ನು ಕಟ್ಟಿಹಾಕುತ್ತದೆ ಎಂಬುದು ಅವಳ ಪ್ರಬಂಧ. ಅದರ ಎಂಬತ್ತನೇ ಪುಟ ಹಿಡಿದುಕೊಂಡು ನಲವತ್ತು ನಿಮಿಷ ಅವಳ ತಲೆ ತಿಂದಿದ್ದರು.

"ಸಾಕ್ಷಿನೇ ಇಲ್ದಿರೋ ಮಾತು ಯಾರನ್ನ ಕಟ್ಟಿಹಾಕುತ್ತಮ್ಮಾ? ಗಾಳಿಗೆ ಹೋಯ್ತು ಅಷ್ಟೆ!"

ಮತ ಎಣಿಸುವಾಗ ಅವಳ ಎಜೆಯ, ಅಂದರೆ ಅಕ್ಕನ, ಫೋನು. "ಮಾಂಸ ಬೆಂದು ಗಂಟೆಯಾಯ್ತು ಕಣೇ. ಶಾವಿಗೆ ನೀರಿಗೆ ಹಾಕ್ಲಾ?"

"ಬೇಡ ಎಜೆ, ಸ್ವಲ್ಪ ತಾಳು."

ಫಲಿತಾಂಶಕ್ಕೆ ಮೊದಲೇ ಮಂಡಳಿಯವರ ಊಟಕ್ಕೆ ಕುರಿ ಕಡಿಸುವುದು ನಮ್ಮ ಪಂಡಿತರ ಪದ್ಧತಿ. ಸೋತವರ ಮನೆಯಲ್ಲೂ ಅವರು ಹೊಟ್ಟೆ ಬಿರಿಯುವಷ್ಟು ಉಂಡೇ ಹೋದದ್ದುಂಟು, ಪುಣ್ಯಾತ್ಮರು!

ಅಧ್ಯಕ್ಷೆ ಅನಾರ್‌ಕನ್ ಕನ್ನಡಕ ಸರಿಮಾಡಿಕೊಂಡರು. "ಪರ ಏಳು, ವಿರೋಧ ನಾಲ್ಕು."

ಜಿಪಾರ್‌ಕುಲ್ ಬೆರಳು ಮಡಚಿ ಲೆಕ್ಕ ಹಾಕಿದಳು. ಒಂದೇ ಒಂದು ಮತ ಕಡಿಮೆ! ಮುದುಕ ಕೊನೆಗೂ ಹಟ ಸಾಧಿಸಿದ ಎಂದುಕೊಂಡಳು. ಅಷ್ಟರಲ್ಲಿ ಆ ಮುದುಕರೇ ಎದ್ದು ನಿಂತರು.

"ಆ ನಾಲ್ಕರಲ್ಲಿ ಗೆರೆ ಎಳೆದಿರೋ ಚೀಟಿ ಇದ್ಯಾ?"

"ಒಂದಿದೆ. 'ವಿರೋಧ'ದ ಮೇಲೆ ಉದ್ದಕ್ಕೆ ಎಳೆದಿದ್ದಾರೆ. ಅದಕ್ಕೇ ವಿರೋಧ ಅಂತ ಎಣಿಸಿದ್ವಿ."

"ಅದು ನಂದು, ಪರವಾಗಿ ಹಾಕಿದ್ದು. ನಲವತ್ತು ವರ್ಷ ಬೇಡದ್ದನ್ನ ಹೊಡೆದುಹಾಕಿ ಮತ ಹಾಕಿದೋನು ನಾನು. ಈ ವರ್ಷದಿಂದ ಬೇಕಾದ್ದಕ್ಕೆ ಗುರುತು ಹಾಕಿ ಅಂತ ನೀವೇನೋ ಅಂದ್ರಿ, ಈ ಕೈ ಕೇಳ್ಬೇಕಲ್ಲ!"

"ಅಯ್ಯೋ, ಗುಪ್ತ ಮತ ಅಗಾಯ್! ಹೀಗೆ ಬಾಯಿಬಿಟ್ರೆ ಹೇಗೆ?"

"ಎಲ್ಲಾ ಚೀಟಿ ಹರಿದುಹಾಕಿ. ಇನ್ನೊಂದ್ಸಲ ಹಾಕೋಣ."

ಹಿಂದಿನ ಸಾಲಿನಿಂದ ಯಾರೋ ಕೆಣಕಿದರು. "ಅಷ್ಟೊತ್ತು ಬೈದು, ಕೊನೆಗೆ ಅವಳಿಗೇ ಮತಾನಾ?"

"ಅವಳು ಬರೆದಿರೋದು ತಪ್ಪು. ಆದ್ರೆ ಪ್ರಬಂಧ ಚೆನ್ನಾಗಿದೆ. ನಿಮ್ಮಲ್ಲಿ ಎಷ್ಟು ಜನ ತಪ್ಪನ್ನಾದ್ರೂ ಚೆನ್ನಾಗಿ ಬರೆದಿದೀರಿ?"

ನಿಯಮದ ಪುಸ್ತಕ ತೆಗೆದು ನೋಡಿದರು. ಎಣಿಕೆಯಲ್ಲಿ ಗೊಂದಲವಾದರೆ ಒಂದು ಸಲ ಮರುಮತಕ್ಕೆ ಅವಕಾಶವಿತ್ತು. ಹೊಸ ಚೀಟಿ ಹಂಚಿದರು. ಅಗಾಯ್ ಈ ಸಲ ಪಕ್ಕದವರನ್ನು ಎರಡೆರಡು ಬಾರಿ ಕೇಳಿಕೊಂಡು, ನಿಧಾನವಾಗಿ ಗುರುತು ಹಾಕಿದರು.

ಎಂಟು. ಅಬ್ಬಾ, ಹೋದ ಜೀವ ಬಂದಂತಾಯಿತು. ಜಿಪಾರ್‌ಕುಲ್ ಸಿಕ್ಕ ಕುರ್ಚಿಯಲ್ಲಿ ಕೂತು ಅತ್ತಳು, ನಕ್ಕಳು.

ಬಾಗಿಲ ಬಳಿ ಅಗಾಯ್ ಟೋಪಿ ಹಾಕಿಕೊಳ್ಳುತ್ತಿದ್ದರು. ಅವಳು ಮೆಲ್ಲಗೆ ಹತ್ತಿರ ಹೋದಳು.

"ಆ ಗೆರೆ ಯಾರದ್ದು ಅಂತ ಯಾರೂ ನೋಡಿರ್ಲಿಲ್ಲ, ಅಗಾಯ್. ನೀವು ಸುಮ್ನಿದ್ದಿದ್ರೂ ಕೇಳೋರಿರ್ಲಿಲ್ಲ."

ಮುದುಕರು ಅವಳನ್ನು ದುರುಗುಟ್ಟಿ ನೋಡಿದರು. "ಗೊತ್ತಮ್ಮಾ, ಗೊತ್ತು. ಎಂಬತ್ತನೇ ಪುಟ ನಾಳೆ ಇನ್ನೊಂದ್ಸಲ ಓದ್ತೀನಿ. ಈಗ ಊಟ ಎಲ್ಲಿ, ಅದನ್ನ ಹೇಳು."

ಅವಳು ಕಣ್ಣೊರೆಸಿಕೊಂಡು ಫೋನು ತೆಗೆದಳು. "ಎಜೆ, ಶಾವಿಗೆ ನೀರಿಗೆ ಹಾಕು."