ಏಳೂವರೆ

ಕೊನೆಯ ಗುಂಡಿ ಹಾಕುವಾಗ ಅಭ್ಯಾಸಬಲದಿಂದ ಅವಳ ಬಾಯಿಂದ ಬಂದೇಬಿಟ್ಟಿತು: "ಸ್ವಲ್ಪ ನೆಟ್ಟಗೆ ನಿಂತ್ಕೋಬಾರದಾ?"

ಮಂಚದ ಮೇಲೆ ಮಲಗಿಸಿದ್ದ ಗಂಡನ ಅಂಗಿಯ ಮೇಲೆ ಅವಳ ಕೈ ಹಾಗೇ ನಿಂತಿತು. ಮಗಳು ಹತ್ತಿರ ಬಂದು ಭುಜ ಹಿಡಿದಳು. "ಬಿಡಮ್ಮ, ನಾನು ಹಾಕ್ತೀನಿ."

"ಇಪ್ಪತ್ತಾರು ವರ್ಷ ದಿನಾ ಹಾಕಿದೀನಿ. ಇವತ್ತೊಂದಿನ ನಿನಗ್ಯಾಕೆ?"

ಅವನ ಬಲಗೈಯನ್ನೆತ್ತಿ ಎದೆಯ ಮೇಲಿಟ್ಟಳು. ಹೆಬ್ಬೆರಳು, ಕಿರುಬೆರಳು, ಅರ್ಧ ಉಂಗುರಬೆರಳು. ಉಳಿದ ಕಡೆ ಗಂಟುಗಟ್ಟಿದ ಚರ್ಮ. ತಗಡು ಒತ್ತುವ ಯಂತ್ರ ನುಂಗಿದ್ದು ಎರಡೂವರೆ, ಎರಡೂ ಕೈ ಸೇರಿ ಬಿಟ್ಟದ್ದು ಏಳೂವರೆ. ಕಾರ್ಖಾನೆಯಲ್ಲಿ ಅದೇ ಅವನ ಹೆಸರಾಗಿತ್ತು. "ಎಲ್ಲರನ್ನೂ ಶನಿ ಏಳೂವರೆ ವರ್ಷ ಹಿಡಿದು ಬಿಟ್ಟುಬಿಡ್ತಾನೆ, ನಾನು ಕೈಯಲ್ಲೇ ಸಾಕಿಕೊಂಡಿದೀನಿ" ಎಂದು ಅವನೇ ಎಲ್ಲರನ್ನೂ ನಗಿಸುತ್ತಿದ್ದ. ಅವಳೊಬ್ಬಳು ನಗುತ್ತಿರಲಿಲ್ಲ.

*

ಬೆರಳು ಹೋದ ದಿನ ಆಸ್ಪತ್ರೆಯಲ್ಲಿ ಅವಳು ಮಂಚದ ಕಾಲ ಬಳಿ ನಿಂತಿದ್ದಳು. ಸೂಪರ್‌ವೈಸರ್ ಕಾಗದ ಹಿಡಿದು ಕೇಳಿದ್ದ: "ಕೈ ಒಳಗೆ ಹೋಗದ ಹಾಗೆ ಯಂತ್ರಕ್ಕೆ ಜಾಲರಿ ಇತ್ತಲ್ಲ, ಅದನ್ನ ಬಿಚ್ಚಿದ್ದು ಯಾರು?"

ಗಂಡ ಕಣ್ಣು ತೆರೆಯಲಿಲ್ಲ. "ನಾನೇ."

ಆ ಒಂದು ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು. ಅವನ ಕೈಯಿಂದ ಲೋಟ ಜಾರಿದರೂ, ಬೀಗದ ಕೈ ತಿರುಗದಿದ್ದರೂ ಅದೇ ಮಾತು: "ಕೈಯಾರೆ ಕೈ ಕಳ್ಕೊಂಡ ಮನುಷ್ಯ."

"ಹೌದು ಕಣೆ" ಅನ್ನುತ್ತಿದ್ದ, ಅಷ್ಟೇ. ಮುಂದೆ ಅವನಿಗೆ ಉಗ್ರಾಣದಲ್ಲಿ ಕೆಲಸ ಕೊಟ್ಟರು, ಉಳಿದವರಿಗೆ ಕೈಗವಸು ಹಂಚುವುದು.

*

ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ಹೊರಟರು. ಫಿಟ್ಟರ್ ಮಾತ್ರ ಹಿತ್ತಲಲ್ಲಿ, ನೀರಿನ ಡ್ರಮ್ಮಿನ ಪಕ್ಕ ನಿಂತೇ ಇದ್ದ. ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುತ್ತ ಗಂಡನ ಜೊತೆ ದುಡಿದವನು. ಭಾನುವಾರ ಬಂತೆಂದರೆ ಬಂದು ಫ್ಯಾನು, ನಲ್ಲಿ ಏನಾದರೊಂದು ರಿಪೇರಿ ಮಾಡಿ ಹೋಗುತ್ತಿದ್ದವನು. ಟೀ ಆಸೆಗೆ ಬರುತ್ತಾನೆಂದು ಅವಳು ತಿಳಿದಿದ್ದಳು. ಇವತ್ತು ಗುಂಡಿ ಮುಚ್ಚುವಾಗ ಸನಿಕೆಯನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಮೊಣಕೈವರೆಗೂ ಕೆಸರು.

"ಅತ್ತಿಗೆ, ಆ ಜಾಲರಿ ಬಿಚ್ಚಿದ್ದು ನಾನು."

ಯಾವ ಜಾಲರಿ ಎಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ.

"ತಗಡು ಸಿಕ್ಕಿಕೊಂಡು ಕೆಲಸ ಹಿಂದೆ ಬಿದ್ದಿತ್ತು. ಸೂಪರ್‌ವೈಸರ್ ಬಿಚ್ಚು ಅಂದ, ಬಿಚ್ಚಿದೆ. ಅಣ್ಣ ವಾಪಸ್ ಹಾಕಿಬಿಡು ಅಂದ್ರು. ಸಂಜೆ ಹಾಕ್ತೀನಿ ಅಂದೆ. ನಾನಾಗ ಸೇರಿ ಎರಡು ತಿಂಗಳು. ಸೂಪರ್‌ವೈಸರ್ ತಾನು ಹೇಳೇ ಇಲ್ಲ ಅಂತ ಕೈ ತೊಳ್ಕೊಂಡ. ನನ್ನ ಕೆಲಸ ಹೋಗುತ್ತೆ ಅಂತ ಅಣ್ಣ ತಮ್ಮ ಮೇಲೆ ಹಾಕ್ಕೊಂಡ್ರು."

"ನನಗ್ಯಾಕೆ ಹೇಳಲಿಲ್ಲ?"

"ಎಷ್ಟೋ ಸಲ ಬಾಯಿ ತೆಗೆದೆ. ಅವರೇ ಬಿಡಲಿಲ್ಲ. 'ನನ್ನನ್ನ ಎಷ್ಟು ಬೈದ್ರೂ ಅವಳು ರಾತ್ರಿ ಊಟಕ್ಕೆ ಕರೀತಾಳೆ. ನಿನ್ನನ್ನ ಬೈದರೆ ನೀನು ಈ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ' ಅಂತಿದ್ರು."

ಅವಳು ಡ್ರಮ್ಮಿನ ಅಂಚು ಹಿಡಿದುಕೊಂಡಳು. ಬೈಯಬೇಕೆನಿಸಿತು. ಇಪ್ಪತ್ತಾರು ವರ್ಷದ ಬೈಗುಳವೆಲ್ಲ ತಪ್ಪು ವಿಳಾಸಕ್ಕೆ ಹೋಗಿ ಮುಗಿದಿತ್ತು. ಇವನಿಗೆಂದು ಒಂದೂ ಉಳಿದಿರಲಿಲ್ಲ. ಒಳಗೆ ಮಗಳು ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು.

ಚೊಂಬು ಅದ್ದಿ ತುಂಬಿಕೊಂಡಳು.

"ಕೈ ಚಾಚು."

ಅವನು ಎರಡೂ ಕೈ ಮುಂದೆ ಹಿಡಿದ. ಅವಳು ನಿಧಾನವಾಗಿ ನೀರು ಹೊಯ್ದಳು. ಕೆಸರು ಇಳಿದಂತೆ ಒಂದೊಂದೇ ಬೆರಳು ಕಾಣಿಸಿಕೊಳ್ಳತೊಡಗಿತು, ಹತ್ತೂ ಬೆರಳು. ಕೈ ಶುದ್ಧವಾದ ಮೇಲೂ ಅವನು ಅದನ್ನು ಹಿಂದೆಗೆಯಲಿಲ್ಲ. ಅವಳು ಮತ್ತೊಂದು ಚೊಂಬು ತುಂಬಿಕೊಂಡಳು.