ಎಲ್ಲಾ ಬಾಗಿಲೂ ಒಂದೇ ಥರ

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾದದ್ದೇ ತಡ, ಆ ನಿವೃತ್ತ ಬಸ್ ಡ್ರೈವರ್‌ಗೆ ಶಿಸ್ತಿನ ಹುಚ್ಚು ಹಿಡಿಯಿತು. ಜೀವಮಾನವೆಲ್ಲ ಕಂಡಕ್ಟರ್ ವಿಷಲ್‌ಗೆ ತಕ್ಕಂತೆ ಕುಣಿದವರಿಗೆ ಈಗ ತಾವೇ ವಿಷಲ್ ಊದುವ ಯೋಗ. ಬಿಡುತ್ತಾರೆಯೇ?

ಮೆಟ್ಟಿಲ ಮೇಲಿನ ಕಸ ಹೋಯಿತು, ಒಳ್ಳೆಯದೇ. ಕೆಟ್ಟಿದ್ದ ದೀಪಗಳು ಹತ್ತಿದವು, ಅದೂ ಒಳ್ಳೆಯದೇ. ಆಮೇಲೆ, ವರಾಂಡದಲ್ಲಿ ಯಾರೂ ಚಪ್ಪಲಿ ಸ್ಟ್ಯಾಂಡ್ ಇಡಬಾರದು ಅನ್ನುವ ನಿಯಮ ಬಂತು. ಪಕ್ಕದ ಬ್ಲಾಕಿನಲ್ಲಿ ಅಧ್ಯಕ್ಷರ ಒಡಹುಟ್ಟಿದ ಅಕ್ಕ ಇದ್ದರು. "ಮಂಡಿನೋವು ಕಣೋ, ಅದರ ಮೇಲೆ ಕೂತೇ ನಾನು ಚಪ್ಪಲಿ ಹಾಕ್ಕೊಳ್ಳೋದು. ನಂದೊಂದು ಇರ್ಲಿ ಬಿಡೋ" ಅಂದರು. ತಮ್ಮ ಕೇಳಬೇಕಲ್ಲ! ಎಲ್ಲರೆದುರೇ ಅದನ್ನು ಎತ್ತಿಸಿಬಿಟ್ಟರು. ಅವತ್ತಿನಿಂದ ಅಕ್ಕ ಮಾತು ಬಿಟ್ಟರು.

ದಿನಾ ಸಂಜೆ ಅಕ್ಕನ ಮನೆಯಲ್ಲಿ ಟೀ ಕುಡಿದು ಬರುತ್ತಿದ್ದ ಮನುಷ್ಯ. ಈಗ ಅದೂ ತಪ್ಪಿತು. ಮನೆಯ ಟೀಗೆ ಹೆಂಡತಿ ಡಾಕ್ಟರ ಮಾತು ಕೇಳಿ ಸಕ್ಕರೆಯನ್ನೇ ಹಾಕುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಸಿಕ್ಕ ಅಕ್ಕ ಗೋಡೆ ನೋಡಿಕೊಂಡು ಹೋಗುವುದನ್ನು ಅವರಿಂದ ಸಹಿಸಲಾಗುತ್ತಿರಲಿಲ್ಲ. ತಾವೇ ಹೋಗಿ ಮಾತಾಡಿಸೋಣವೆಂದರೆ ಅಧ್ಯಕ್ಷಗಿರಿ ಅಡ್ಡ ಬರುತ್ತಿತ್ತು. ಒಳಗೆ ಸಂಕಟ, ಮುಖದ ಮೇಲೆ ಬಿಗುಮಾನ.

ಆ ಸಂಕಟ ಮರೆಯಲಿಕ್ಕೋ ಏನೋ, ಬಾಗಿಲುಗಳಿಗೆ ಬಣ್ಣ ಹೊಡೆಸುವ ಕೆಲಸ ಮೈಮೇಲೆ ಹಾಕಿಕೊಂಡರು. "ಎಲ್ಲಾ ಬಾಗ್ಲೂ ಒಂದೇ ಥರ ಇರ್ಬೇಕು. ಒಂದಕ್ಕೂ ಇನ್ನೊಂದಕ್ಕೂ ಚೂರೂ ವ್ಯತ್ಯಾಸ ಕಾಣ್ಬಾರ್ದು" ಎಂದು ಪೇಂಟರ್‌ಗೆ ತಾಕೀತು ಮಾಡಿದರು. ಪೇಂಟರ್ ಹೇಳಿದ ಮಾತು ಮೀರುವವನಲ್ಲ. ಬಾಗಿಲ ಮೇಲಿದ್ದ ನಂಬರು, ಬ್ಲಾಕುಗಳ ಮೇಲಿದ್ದ ಅಕ್ಷರ, ಎಲ್ಲದಕ್ಕೂ ಸೇರಿಸಿ ಹಸಿರು ಬಳಿದು ಹೋದ.

ಮರುದಿನ ಶುರುವಾಯಿತು ನೋಡಿ ಫಜೀತಿ! ಗ್ಯಾಸ್ ಸಿಲಿಂಡರ್ ಬೇಡದವರ ಮನೆಗೆ ಬಂತು. ಎಲೆಕ್ಟ್ರಿಷಿಯನ್ ಯಾರದೋ ಮನೆಯಲ್ಲಿ ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ಬಿಚ್ಚಿ, ರಿಪೇರಿ ಮಾಡಿ, ಅದು ನಿಂತ ಮೇಲೆ ಹೊರಟ. ಪಾಪ, ಅಲ್ಲೇ ವಾಸವಿದ್ದ ದರ್ಜಿಯಂತೂ ತಮ್ಮದೇ ಮನೆಯ ಬಾಗಿಲು ತಟ್ಟಿ, ಹೊರಗೆ ಬಂದ ಹೆಂಡತಿಗೆ "ತಪ್ಪಾಯ್ತಮ್ಮಾ" ಎಂದು ಕೈಮುಗಿದು, ಮೇಲಿನ ಮಹಡಿಗೆ ಹತ್ತಿದರು.

ಜನರನ್ನು ಅವರವರ ಮನೆ ಸೇರಿಸುತ್ತ ಅಧ್ಯಕ್ಷರು ದಿನವಿಡೀ ಮೆಟ್ಟಿಲು ಹತ್ತಿ ಇಳಿದರು. ಬಣ್ಣ ಆರಲೆಂದು ಎಲ್ಲರೂ ಬಾಗಿಲು ತೆರೆದೇ ಇಟ್ಟಿದ್ದರು. ಸಂಜೆ ಹೊತ್ತಿಗೆ ಕಾಲು ಸೋತು ಒಂದು ಬಾಗಿಲೊಳಗೆ ಹೊಕ್ಕು, ಹತ್ತಿರದ ಕುರ್ಚಿಗೆ ಧೊಪ್ಪನೆ ಬಿದ್ದು ಕಣ್ಣು ಮುಚ್ಚಿದರು.

"ಲೇ, ಒಂಚೂರು ಟೀ ಕೊಡೇ. ಜೀವ ಹೋಗ್ತಿದೆ."

ಸ್ವಲ್ಪ ಹೊತ್ತಿಗೆ ಕೈಗೆ ಬಿಸಿ ಲೋಟ ಬಂತು. ಕಣ್ಣು ತೆರೆಯದೆಯೇ ಒಂದು ಗುಟುಕು ಕುಡಿದರು. ಆಹಾ, ಸಕ್ಕರೆ!

"ಇವತ್ತು ಟೀ ಅಂದ್ರೆ ಟೀ ಕಣೇ. ಥೇಟ್ ನಮ್ಮಕ್ಕ ಮಾಡ್ದಂಗಿದೆ." ಇನ್ನೊಂದು ಗುಟುಕು ಕುಡಿದರು. "ಅವಳು ಇನ್ನು ನನ್ ಹತ್ರ ಮಾತಾಡಲ್ವೇನೋ. ಆ ಹಾಳು ಸ್ಟ್ಯಾಂಡ್ ಅಲ್ಲೇ ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

"ನಮ್ಮಪ್ಪನ ಗಂಟಂತೂ ಹೋಗ್ತಿರ್ಲಿಲ್ಲ."

ಕಣ್ಣು ಬಿಟ್ಟರೆ ಎದುರಿಗೆ ಅಕ್ಕ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ!

"ಅಕ್ಕಾ... ಅದೂ... ಮನೆ ತಪ್ತು" ಎಂದು ಅಧ್ಯಕ್ಷರು ತಡಬಡಾಯಿಸಿ ಎದ್ದರು.

"ಗೊತ್ತಾಯ್ತು. ಕೂತ್ಕೊಂಡು ಕುಡಿ, ಆರಿಹೋಗುತ್ತೆ."

ಕುಡಿದರು. ಇನ್ನೊಂದು ಲೋಟವನ್ನೂ ಕುಡಿದರು. ನಡುನಡುವೆ ಕಣ್ಣೊರೆಸಿಕೊಂಡು, ಬಣ್ಣದ ವಾಸನೆಗೆ ಉರಿ ಎಂದರು. ಹೊರಡುವಾಗ ನಾಳೆ ಬಾ ಎಂದು ಅಕ್ಕ ಅನ್ನಲಿಲ್ಲ, ಬರುತ್ತೇನೆಂದು ತಮ್ಮನೂ ಹೇಳಲಿಲ್ಲ. ತಪ್ಪಿ ಬಂದದ್ದು ಬಂದ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ, ಯಾರಿಗೆ ಗೊತ್ತು? ಆ ರಾತ್ರಿ ಅಧ್ಯಕ್ಷರಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪೇಂಟರ್ ಮತ್ತೆ ಬಂದ, ನಂಬರು ಬರೆಯಲು. ಹಿಂದೆ ಅಧ್ಯಕ್ಷರು, ಅವರ ಹಿಂದೆ ದರ್ಜಿ, ದರ್ಜಿಯ ಹಿಂದೆ ಅರ್ಧ ಬ್ಲಾಕು. ಅಕ್ಕನ ಮನೆ ಬಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತರು.

"ನಮ್ಮನೆಗೆ ನಂಬರ್ ಬೇಡಪ್ಪ."

"ಅದ್ಹೇಗಮ್ಮ?" ದರ್ಜಿ ಕೇಳಿದರು. "ಎಲ್ರಿಗೂ ಹಾಕಿದ್ಮೇಲೆ ನಿಮಗೂ ಹಾಕ್ಬೇಕು ತಾನೇ?"

"ನಂಬರ್ ಹಾಕಿದ್ರೆ ಇವನು ಮನೆ ತಪ್ಪೋದು ನಿಂತೋಗುತ್ತೆ. ಆಮೇಲೆ ನಮ್ಮನೆಗೆ ಯಾಕೆ ಬರ್ತಾನೆ?"

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಭಾಷಣ ಬರುತ್ತದೆಂದು ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡತೊಡಗಿದರು.

"ನಂಬರ್ ಇದ್ರೂ ಬರ್ತೀನಿ ಕಣಕ್ಕಾ" ಅಂದರು, ಅಷ್ಟೂ ಜನರ ಮುಂದೆ.

ಪೇಂಟರ್ ಬ್ರಷ್ ಹಿಡಿದುಕೊಂಡು ಇಬ್ಬರನ್ನೂ ನೋಡಿದ. "ಹಾಗಾದ್ರೆ ಬರೀಲಾ, ಬೇಡ್ವಾ?"

ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ದೊಡ್ಡದಾಗೇ ಬರಿಯಪ್ಪ. ಕನ್ನಡಕ ಮರ್ತು ಬಂದ್ರೂ ಅವನಿಗೆ ಕಾಣ್ಬೇಕು."