ಇನ್ನೊಂದು ಚೂರು ಉಜ್ಜುವುದಿತ್ತು

ಮುದುಕ ಬಾಯೊಳಗೆ ಎರಡು ಬೆರಳು ಹಾಕಿ ಕೆಳಗಿನ ಹಲ್ಲುಸೆಟ್ಟನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡ. ಹೆಂಡತಿಯನ್ನು ಮಲಗಿಸಿದ್ದ ಪೆಟ್ಟಿಗೆಯ ಪಕ್ಕದಿಂದ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ.

"ಏನಾಯ್ತು ಭಾವ?" ಎಂದಳು ನಾದಿನಿ.

"ನಾ ಬರಲ್ಲ. ಇದು ಒಸಡು ಕೊರೀತಿದೆ. ಹಲ್ಲಿಲ್ದೆ ಅವಳ ಜೊತೆ ಬೀದಿಗೆ ಬರಲ್ಲ."

"ಹೊರಡೋ ಹೊತ್ತಲ್ಲಿ ಇದೊಂದು ಬಾಕಿ ಇತ್ತು ನೋಡಿ! ವ್ಯಾನು ಬಾಗಿಲಲ್ಲಿ ನಿಂತಿದೆ. ಇವತ್ತು ನಿಮ್ಮ ಹಲ್ಲು ಯಾರು ನೋಡ್ತಾರೆ?"

"ಅವಳು ನೋಡ್ತಾಳೆ."

ನಾದಿನಿ ವ್ಯಾನಿನವನತ್ತ ಕೈಯೆತ್ತಿ, ತಾಳು ಎಂದು ಸನ್ನೆ ಮಾಡಿದಳು.

ತೀರಿಕೊಂಡವಳು ಮನೆಯ ಹಿಂದಿನ ಕೋಣೆಯಲ್ಲಿ ಕೂತು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಟ್ಟೇ ಬದುಕು ಸವೆಸಿದವಳು. ಬೀದಿಯವರ ಬಾಯಲ್ಲಿ ಅವಳು ಹಲ್ಲಮ್ಮ. "ಇಲ್ಲಿ ಅರ್ಧ ಜನ ನಗೋದು ಹಲ್ಲಮ್ಮನ ಹಲ್ಲಲ್ಲೇ," ಎಂದ ಮೂಲೆಯಲ್ಲಿ ಕೂತಿದ್ದ ಕ್ಷೌರಿಕ. ಆಮೇಲೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು, "ಅಳೋದೂ ಅದರಲ್ಲೇ," ಎಂದು ಸೇರಿಸಿದ.

ಮಗಳು ಅಪ್ಪನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಗುಲಾಬಿ ಬಣ್ಣದ ಅಂಚಿನ ಒಳಬದಿಯಲ್ಲಿ ಒಂದು ನೇರಳೆ ಚುಕ್ಕೆ ಇತ್ತು.

*

ಆ ಚುಕ್ಕೆ ಇಟ್ಟಿದ್ದು ಮೊನ್ನೆ ಸಂಜೆ.

"ಆ ಅನ್ನಿ. ಇನ್ನೂ ದೊಡ್ಡದಾಗಿ. ಬಸ್ಸಲ್ಲಿ ಟಿಕೆಟ್ ಟಿಕೆಟ್ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದ ಬಾಯಿ ಎಲ್ಲಿ ಹೋಯ್ತು?"

ನಿವೃತ್ತ ಕಂಡಕ್ಟರನಾದ ಗಂಡ ಬಾಯಿ ತೆರೆದ. ಹೊಸ ಸೆಟ್ಟು ಕೂತಿತು.

"ಇಲ್ಲಿ ಒತ್ತುತ್ತಾ?"

"ಹ್ಞೂಂ."

ಅವಳು ಸೆಟ್ಟನ್ನು ತೆಗೆದು, ಒತ್ತುವ ಜಾಗಕ್ಕೆ ನೇರಳೆ ಪೆನ್ಸಿಲಿನಿಂದ ಚುಕ್ಕೆ ಇಟ್ಟಳು. "ಇನ್ನೊಂದು ಚೂರು ಉಜ್ಜೋದಿದೆ. ನಾಳೆ ಉಜ್ತೀನಿ. ಇವತ್ತು ಕೈ ನಡುಗ್ತಿದೆ. ನಡುಗೋ ಕೈಲಿ ಮಿಷನ್ ಹಿಡೀಬಾರದು."

ಮಾರನೆಯ ಬೆಳಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ.

*

"ನೀನೇ ಉಜ್ಜಿ ಕೊಡು," ಎಂದ ಅಪ್ಪ.

"ಅವಳಾ?" ಅಮ್ಮನ ತಂಗಿ, ಚಿಕ್ಕಮ್ಮ, ಹೌಹಾರಿದಳು. "ಆ ಮಿಷನ್ ಗುರ್ ಅಂದ್ರೆ ಆಚೆ ಬೀದಿಗೆ ಓಡೋ ಹುಡುಗಿ!"

ಹುಡುಗಿಗೆ ಈಗ ತಲೆ ನರೆಯುತ್ತಿತ್ತು. ಅಚ್ಚು ಹೊಯ್ಯುವುದು, ಮೇಣದಲ್ಲಿ ಹಲ್ಲು ಕೂರಿಸುವುದು, ಎಲ್ಲ ಅವಳದೇ. ತಿರುಗುವ ಮಿಷನ್ನನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ನನ್ನ ಅಂಗಡೀಲಿ ಉಗುರು ಉಜ್ಜೋ ಅರ ಇದೆ, ತರ್ಲಾ?" ಎಂದ ಕ್ಷೌರಿಕ.

"ಒಳಗಿನ ಬಾಗಿಗೆ ಅರ ಹೋಗಲ್ಲ ಮಾಮ," ಎಂದಳು ಮಗಳು. ಅಪ್ಪನ ಮುಖ ನೋಡಿದಳು. ಕೆನ್ನೆ ಒಳಕ್ಕೆ ಬಿದ್ದು, ಅವನು ಬೇರೆ ಯಾರೋ ಆಗಿಹೋಗಿದ್ದ. ಹಲ್ಲುಸೆಟ್ಟನ್ನು ಹಿಡಿದುಕೊಂಡು ಹಿಂದಿನ ಕೋಣೆಗೆ ನಡೆದಳು.

*

ಮಗಳಿಗೆ ಹದಿನಾರು ತುಂಬಿದ ವರ್ಷ. ತಲೆಗೆ ನೀರು ಹಾಕಿಕೊಂಡು, ಕೂದಲು ಹರಡಿಕೊಂಡೇ ಮಿಷನ್ನಿನ ಮೇಲೆ ಬಗ್ಗಿದ್ದಳು. ಪೆನ್ನಿನಷ್ಟು ದಪ್ಪದ ಹಿಡಿ, ಅದರ ತುದಿಯಲ್ಲಿ ಗಿರಗಿರ ತಿರುಗುವ ಪುಟ್ಟ ಕಲ್ಲು. ಇಷ್ಟು ಸಣ್ಣದು ಏನು ಮಾಡೀತು ಎಂದುಕೊಂಡಿದ್ದಳು. ಕೂದಲು ಸುತ್ತಿಕೊಂಡಿದ್ದೇ ಗೊತ್ತಾಗಲಿಲ್ಲ. ಹಿಡಿ ನೆತ್ತಿಗೆ ಬಂದು ಬಡಿದಾಗಲೇ ಗೊತ್ತಾದದ್ದು. ಅಮ್ಮ ಪ್ಲಗ್ಗು ಕೀಳುವಷ್ಟರಲ್ಲಿ ಒಂದು ಹಿಡಿ ಕೂದಲು ಬೇರುಸಮೇತ ಹೋಗಿತ್ತು.

ಅಮ್ಮ ಬಯ್ಯಲಿಲ್ಲ. ಗಾಯ ತೊಳೆದು ಕಟ್ಟಿದಳು. ಸಂಜೆ ಕ್ಷೌರಿಕನ ಅಂಗಡಿಗೆ ಹೋಗಿ, ಸೊಂಟದವರೆಗಿದ್ದ ತನ್ನ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು.

"ಅಮ್ಮಾ, ಯಾಕೆ?"

"ನಾನು ಕೂದಲು ಬಿಟ್ಕೊಂಡು ಕೂರ್ತಿದ್ದೆ. ನೀನು ನನ್ನ ನೋಡಿ ಕಲಿತೆ."

ಮತ್ತೆಂದೂ ಅವಳು ಕೂದಲು ಬೆಳೆಸಲಿಲ್ಲ. ಮಗಳನ್ನು ಮಿಷನ್ ಹಿಡಿ ಎಂದು ಒತ್ತಾಯಿಸಲೂ ಇಲ್ಲ.

*

ಮಗಳು ಶಾಲು ತೆಗೆದಿಟ್ಟಳು. ಬಳೆ, ಉಂಗುರ ತೆಗೆದಳು. ಕೂದಲನ್ನು ಬಿಗಿದು ಟೋಪಿಯೊಳಗೆ ತುರುಕಿದಳು. ಅಮ್ಮನ ಕನ್ನಡಕ, ಮೂಗುಪಟ್ಟಿ. ಕಲ್ಲನ್ನು ಹಿಡಿಗೆ ಸಿಕ್ಕಿಸಿ ಎಳೆದು ನೋಡಿದಳು, ಅಲುಗಲಿಲ್ಲ. ಮುಖದಿಂದ ದೂರ ಹಿಡಿದು ಪೆಡಲನ್ನು ಮೆಲ್ಲಗೆ ತುಳಿದಳು. ಕಲ್ಲು ಅದುರದೆ, ನೆಟ್ಟಗೆ ತಿರುಗಿತು. ಕಾಲು ತೆಗೆದಳು.

ಬಾಗಿಲಲ್ಲಿ ಚಿಕ್ಕಮ್ಮ. "ಬೇಗ ಆಗ್ಲಿ ಕಣೇ, ವ್ಯಾನಿನೋನು ಗೊಣಗ್ತಿದಾನೆ. ನಾ ಹಿಡ್ಕೊಳ್ಲಾ?"

"ಬೇಡ. ನೀವು ಅಲ್ಲೇ ಇರಿ. ತಿರುಗೋವಾಗ ನನ್ನ ಮುಟ್ಬೇಡಿ, ಮಾತಾಡಿಸ್ಬೇಡಿ."

ಮೇಜಿನಂಚಿನ ಮರದ ಗೂಟಕ್ಕೆ ಎರಡೂ ಕೈ ಆನಿಸಿದಳು. ಚುಕ್ಕೆಯ ಮೇಲೆ ಕಲ್ಲು ಇಡಬೇಕು. ಅಷ್ಟರಲ್ಲಿ ಕನ್ನಡಕದ ಒಳಗೆ ಮಬ್ಬು ಕಟ್ಟಿತು. ತೆಗೆದು ಒರೆಸಿದಳು. ಹಾಕಿಕೊಂಡಳು. ಮತ್ತೆ ಮಬ್ಬು. ಆ ಕನ್ನಡಕದಲ್ಲಿ ಅಳುವುದೂ ಉಜ್ಜುವುದೂ ಒಟ್ಟಿಗೆ ಆಗುವ ಕೆಲಸವಲ್ಲ.

ಹಿಡಿಯನ್ನು ಕೆಳಗಿಟ್ಟಳು. "ಚಿಕ್ಕಮ್ಮ, ಸ್ವಲ್ಪ ಅತ್ತುಬಿಡ್ತೀನಿ," ಎಂದಳು.

"ಅಳು ಮಗಾ," ಎಂದಳು ಚಿಕ್ಕಮ್ಮ. ಹೊರಗೆ ತಿರುಗಿ ಗಟ್ಟಿಯಾಗಿ ಕೂಗಿದಳು: "ವ್ಯಾನಿನೋನಿಗೆ ಹೇಳಿ, ಕಾಯ್ಲಿ! ಅವನ ಗಂಟೇನೂ ಹೋಗಲ್ಲ!"

ಅಳು ತಾನಾಗಿ ನಿಂತ ಮೇಲೆ ಮಗಳು ಮುಖ ತೊಳೆದು, ಕೈ ಒಣಗಿಸಿಕೊಂಡು ಬಂದು ಕೂತಳು. ಪೆಡಲು ತುಳಿದು, ಕಲ್ಲು ವೇಗ ಹಿಡಿಯುವವರೆಗೆ ಕಾದು, ಹೆಬ್ಬೆರಳಿನಿಂದ ಆಚೆಗೆ, ಒತ್ತದೆ, ಸುಮ್ಮನೆ ಸವರಿದಳು. ಗುಲಾಬಿ ಪುಡಿ ಉದುರಿತು. ಬಿಸಿಯ ವಾಸನೆ ಬರುವ ಮೊದಲೇ ತೆಗೆದು ನೀರಲ್ಲದ್ದಿದಳು. ಇನ್ನೊಮ್ಮೆ ಸವರಿದಳು. ಚುಕ್ಕೆ ಅರ್ಧವಾಯಿತು. ಅಲ್ಲಿಗೇ ನಿಲ್ಲಿಸಿಬಿಡಲೇ ಎನಿಸಿತು. ಅಮ್ಮನ ಕೈಯ ಕೊನೆಯ ಗುರುತು ಅದು. ಆದರೆ ಉಳಿದ ಅರ್ಧವೂ ಅಪ್ಪನ ಒಸಡಿಗೇ ಕುತ್ತುವಂಥದ್ದು.

ಉಜ್ಜಿದಳು. ಚುಕ್ಕೆ ಪೂರ್ತಿ ಹೋಯಿತು.

ಕಾಲು ತೆಗೆದ ಮೇಲೂ, ಕಲ್ಲು ತಿರುಗುವುದು ನಿಲ್ಲುವವರೆಗೆ ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಪ್ಲಗ್ಗು ಕಿತ್ತಳು.

ಬಾಗಿಲಲ್ಲಿ ಈಗ ಅಪ್ಪ ನಿಂತಿದ್ದ. ಸೆಟ್ಟು ತೊಳೆಸಿಕೊಂಡು ಬಾಯಿಗಿಟ್ಟುಕೊಂಡ. ದವಡೆಯನ್ನು ಆಚೀಚೆ ಆಡಿಸಿದ. ಕೆನ್ನೆ ತುಂಬಿಕೊಂಡಿತು.

"ಒತ್ತುತ್ತಾ ಅಪ್ಪ?"

"ಇಲ್ಲ." ಕೋಟಿನ ಗುಂಡಿ ಹಾಕಿಕೊಂಡ. "ನಡಿ, ಅವಳು ಕಾಯ್ತಿದಾಳೆ."

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸುವಾಗ ಅವನು, "ಹೋಗಿರು, ಬರ್ತೀನಿ," ಎಂದದ್ದು ಹಿಂದಿನ ಸಾಲಿನಲ್ಲಿದ್ದ ಕ್ಷೌರಿಕನಿಗೂ ಸ್ಪಷ್ಟವಾಗಿ ಕೇಳಿಸಿತು.

*

ಮಣ್ಣು ಮಾಡಿ ಬಂದ ಮೇಲೆ ನಾದಿನಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಂದಿಟ್ಟಳು. ಮುದುಕ ಅದನ್ನು ಸರಿಸಿ, ನೆರೆಯವರು ಯಾರೋ ತಂದಿಟ್ಟಿದ್ದ ಬುಟ್ಟಿಯಿಂದ ಒಂದು ಸೇಬು ಆರಿಸಿಕೊಂಡ. ಕಚ್ಚಿದ. ಆ ಸದ್ದಿಗೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಣ್ಣೀರು ಇಳಿಯುತ್ತಲೇ ಇತ್ತು, ಅವನು ಅಗಿಯುತ್ತಲೇ ಇದ್ದ.

"ನೀನೂ ತಿನ್ನು. ಬೆಳಗ್ಗೆಯಿಂದ ಏನೂ ತಿಂದಿಲ್ಲ," ಎಂದು ಉಳಿದದ್ದನ್ನು ಮಗಳ ಕೈಗಿಟ್ಟ.

ಮಗಳು ಕಚ್ಚಲಿಲ್ಲ. ಸೇಬನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬಿಳಿ ತಿರುಳಿನಲ್ಲಿ ಹಲ್ಲಿನ ಸಾಲು ಒಪ್ಪವಾಗಿ ಮೂಡಿತ್ತು. ನಡುವೆ ಒಂದು ಮಾತ್ರ ಕೊಂಚ ವಾರೆ. ಕಟ್ಟಿದ ಹಲ್ಲೆಂದು ಯಾರಿಗೂ ತಿಳಿಯದಿರಲಿ ಎಂದು ಅಮ್ಮ ಬೇಕೆಂದೇ ಹಾಗೆ ಕೂರಿಸಿದ್ದಳು. ನೋಡುತ್ತಿದ್ದ ಹಾಗೆ ಕಚ್ಚಿದ ಗುರುತಿನ ಅಂಚು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗತೊಡಗಿತು.